ಮುನಿಯಪ್ಪ ವಾಪಸ್ ತಂದ ಹಾರೆ

ಗೆಳೆಯರೇ, ಆಂಡರ್ಸನ್‌ಪೇಟೆಯ ನನ್ನ ಕಬ್ಬಿಣದಂಗಡಿಯಲ್ಲಿ ಇವತ್ತು ಬೆಳಿಗ್ಗೆ ಹಾರೆ ಕೊಂಡ ಗಣಿ ಕೂಲಿ ಮುನಿಯಪ್ಪ, ಸಂಜೆ ಅದನ್ನು ತೊಳೆದು ವಾಪಸ್ ತಂದ.

“ಏನ್ ತೋಡ್ದೆ ಇದ್ರಲ್ಲಿ?”

“ಅವ್ವನ ಗುಣಿ, ಸೆಟ್ರೇ. ಗುಣಿ ತೋಡಾಕೆ ಯಾರೂ ಆರೆ ಕೊಡಲ್ಲ. ತೋಡಿದ್ ಮ್ಯಾಲೆ ಮನೆಗೂ ತರಬಾರ್ದು.”

“ಅಂದ್ರೆ ವಾಪಸ್ ಕೊಡೋಕೇ ಅಂತ ತಗೊಂಡ್ಯೇನ್ಲಾ?”

“ಊಂ. ಅಂಗ್ಡಿ ಮನೆ ಅಲ್ವಲ್ಲ.”

ಸಿಟ್ಟು ನೆತ್ತಿಗೇರಿತು. ಆದರೆ ತಾಯಿಯನ್ನು ಮಣ್ಣು ಮಾಡಿ ಬಂದವನನ್ನು ಬೈಯುವುದು ಹೇಗೆ? ಹಣ ಕೊಟ್ಟು ಕಳಿಸಿ, ಹಾರೆಯನ್ನು ಹೊಸವುಗಳ ಸಾಲಿನಲ್ಲೇ ನಿಲ್ಲಿಸಿದೆ. ಕೊಳ್ಳುವವರಿಗೇನು ಗೊತ್ತಾಗುತ್ತದೆ?

ಅಷ್ಟರಲ್ಲಿ ಗಣಿಯ ಆಳದಲ್ಲೆಲ್ಲೋ ಬಂಡೆ ಸಿಡಿದು, ಎಂದಿನಂತೆ ನೆಲ ನಡುಗಿತು. ಸಾಲಿನ ಹಾರೆಗಳೆಲ್ಲ ಗಲಗಲ ಎಂದವು. ಅದೊಂದು ಮಾತ್ರ ಅಲುಗಲಿಲ್ಲ.

ಅಂಗಡಿ ಮನೆಯಲ್ಲ, ನಿಜ. ಆದರೆ ನಾನು ಮಲಗುವುದು ಆ ಸಾಲಿನ ಪಕ್ಕದಲ್ಲೇ.