ಪ್ರಾರ್ಥನೆಯ ಬಾಯಿಗೆ ಬಿದ್ದ ಹುಡುಗಿ

ನನ್ನ ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾಳೆ. ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ಅಂಗಡಿಯ ಹಿಂಬದಿಯಲ್ಲಿ, ಅಲಮಾರಿಗೂ ಗೋಡೆಗೂ ನಡುವೆ ಮಿಕ್ಕಷ್ಟು ಜಾಗದಲ್ಲಿ, ಒಂದು ದೀಪದ ಕೆಳಗೆ ಕೂತು ಗಾಜಿನ ಅಂಚು ಉಜ್ಜುವುದು, ಸಾಸಿವೆಯಷ್ಟು ಸಣ್ಣ ಸ್ಕ್ರೂ ತಿರುಗಿಸುವುದು ಅವಳ ಕೆಲಸ. ಊರಿಗೆಲ್ಲ ಗಾಜು ಹಾಕಿಕೊಟ್ಟವಳಿಗೆ ಮನುಷ್ಯರು ಮಾತ್ರ ಮಸುಕು ಮಸುಕು ಎಂದು ನಾನು ರೇಗಿಸುತ್ತಿದ್ದೆ. "ಎಲ್ಲರೂ ಒಳ್ಳೆಯವರೇ ಕಣೇ, ನಿನ್ನ ಬಾಯೇ ಸರಿ ಇಲ್ಲ" ಅನ್ನುತ್ತಿದ್ದಳು. ನನ್ನ ಬಾಯಿ ಸರಿ ಇಲ್ಲ ಅನ್ನುವುದು ನಿಜವೇ.

ಅಕ್ಕನಿಗೆ ಮಕ್ಕಳಿಲ್ಲ. ಭಾವ ಲಿಫ್ಟ್ ರಿಪೇರಿ ಮಾಡುವವರು. ಎಲ್ಲೋ ಯಾರೋ ಮಹಡಿಗಳ ನಡುವೆ ಸಿಕ್ಕಿಕೊಂಡರೆಂದು ಫೋನ್ ಬಂದರೆ ಉಣ್ಣುವ ತಟ್ಟೆ ಬಿಟ್ಟು ಓಡಬೇಕು. ಇಬ್ಬರೂ ವಾರಕ್ಕೊಮ್ಮೆ ತಪ್ಪದೆ ಪ್ರಾರ್ಥನಾ ಮಂದಿರಕ್ಕೆ ಹೋಗುವವರು. ಒಮ್ಮೆ ಅಲ್ಲಿನ ಗುರುಗಳು ಮಕ್ಕಳ ಇಲಾಖೆಯ ಮೇಡಂ ಒಬ್ಬರನ್ನು ಕರೆಸಿ ಮಾತಾಡಿಸಿದರು. ಹೆತ್ತವರ ಕೈಲಿ ಆಗದ ಮಕ್ಕಳಿಗೆ ಮನೆ ಬೇಕು, ಇದು ದತ್ತು ಅಲ್ಲ, ಅವರ ಕಾಲ ಸರಿಯಾಗುವ ತನಕ ಸಾಕಿಕೊಟ್ಟರೆ ಸಾಕು ಎಂದರು ಮೇಡಂ. ಅಕ್ಕ ಎದ್ದು ನಿಂತೇಬಿಟ್ಟಳು. ಗುರುಗಳು ಸಭೆಯ ಕಡೆ ತಿರುಗಿದರು. "ಈ ತಾಯಿಯ ಬೆನ್ನಿಗೆ ಯಾರ್ಯಾರು ನಿಲ್ತೀರಿ?" ಎಂದು ಕೇಳಿದ್ದೇ ತಡ, ಸಭೆಗೆ ಸಭೆಯೇ ಕೈ ಎತ್ತಿತು. ಶಾಲೆಯಿಂದ ಕರೆತರುತ್ತೇವೆ, ಸಂಜೆ ಜೊತೆಗಿರುತ್ತೇವೆ, ಪಾಠ ಹೇಳಿಕೊಡುತ್ತೇವೆ. ಕೈ ಎತ್ತಲು ಯಾರಪ್ಪನ ಗಂಟು ಹೋಗುತ್ತದೆ?

ಬಂದಳು ಹುಡುಗಿ. ಎಂಟು ವರ್ಷ, ಕಡ್ಡಿಯಂಥ ಕಾಲು, ಮಾತು ಕಡಿಮೆ. ಬೆನ್ನಿಗೆ ನಿಂತವರಿಂದ ಮೊದಲು ಬಂದದ್ದು ಹಳೆ ಬಟ್ಟೆ. ಮಂಚದ ಕೆಳಗೆ, ಬೀರುವಿನ ಮೇಲೆ, ಬಾಗಿಲ ಹಿಂದೆ, ಎಲ್ಲೆಲ್ಲೂ ಬಟ್ಟೆಯ ಗಂಟು. ಒಂದರಲ್ಲಿ ಗಂಡಸರ ಕೋಟು ಕೂಡ ಇತ್ತು. ಸಂಜೆ ಬಂದು ಕೂರಬೇಕಾದವರು ಮಾತ್ರ ನಾಪತ್ತೆ. ಶಾಲೆ ಬೇಗ ಬಿಡುತ್ತದೆ, ಅಂಗಡಿ ಕತ್ತಲಾದ ಮೇಲೆ ಮುಚ್ಚುತ್ತದೆ. ಗಾಜಿನ ಪುಡಿ ಇರುವಲ್ಲಿ ಮಗು ಬೇಡ ಎಂದ ಮಾಲೀಕ. ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಸಂಜೆ ಪಾಳಿಯವಳು. ಕೊನೆಗೆ ಕೈ ಎತ್ತಿದವರ ಪೈಕಿ ಬಂದದ್ದು ಒಬ್ಬಳು ಕಿವುಡಜ್ಜಿ. ಅವಳು ಬಂದು ಕಿಟಕಿ ಪಕ್ಕ ಕೂತು ಹೆಣೆಯುತ್ತಿದ್ದಳು, ಹುಡುಗಿ ಎದುರಿಗೆ ಕೂತು ಲೆಕ್ಕ ಮಾಡುತ್ತಿದ್ದಳು. ಏನೂ ಕೇಳದ ಅಜ್ಜಿಗೆ ಏನೂ ಹೇಳಬೇಕಾಗಿರಲಿಲ್ಲ. ಆ ಮನೆಯ ಒಳ್ಳೆಯ ದಿನಗಳೆಂದರೆ ಅವೇ.

ಹುಡುಗಿ ಅಕ್ಕನನ್ನು ದೊಡ್ಡಮ್ಮ ಅನ್ನತೊಡಗಿದಳು. ಅಮ್ಮ ಎಲ್ಲಿ ಎಂದು ಯಾರಾದರೂ ಕೇಳಿದರೆ, ದೂರದ ಊರಲ್ಲಿ ಕೆಲಸಕ್ಕಿದ್ದಾಳೆ ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಅಕ್ಕ ತಲೆ ಬಾಚುತ್ತಿದ್ದಾಗ, ತಿರುಗದೆಯೇ ಹೇಳಿದಳು: "ದೊಡ್ಡಮ್ಮಾ, ಅಮ್ಮ ಜೈಲಲ್ಲಿದ್ದಾಳೆ. ಕೆಲಸದ ಮನೇಲಿ ಬಳೆ ತಗೊಂಡ್ಲು ಅಂತ. ಯಾರಿಗೂ ಹೇಳ್ಬೇಡ." ಅಕ್ಕನಿಗೆ ಮೇಡಂ ಮೊದಲೇ ತಿಳಿಸಿದ್ದರು. ಆದರೂ ಈಗಷ್ಟೇ ಗೊತ್ತಾದವಳಂತೆ, "ಇಲ್ಲ ಕಂದಾ, ಯಾರಿಗೂ ಹೇಳಲ್ಲ" ಅಂದಳು. ಆ ಗುಟ್ಟು ತನಗೆ ಸಿಕ್ಕ ಬಹುಮಾನವೆಂದು ತಿಳಿದಿದ್ದಳು ಪಾಪ.

ಅಷ್ಟರಲ್ಲಿ ಕಿವುಡಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಬರುವವರಿಲ್ಲ. ಮೇಡಂ ಒಂದು ಸಂಜೆ ಹೇಳದೆ ಕೇಳದೆ ಬಂದಾಗ ಹುಡುಗಿ ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. "ಹೀಗಾದ್ರೆ ನಾನು ಮಗೂನ ಇಲ್ಲಿ ಬಿಡೋಕಾಗಲ್ಲ. ಯಾರಾದ್ರೂ ದೊಡ್ಡವರು ಇರಲೇಬೇಕು" ಎಂದು ಹೇಳಿ ಹೋದರು. ಅಕ್ಕನ ಜೀವ ಬಾಯಿಗೆ ಬಂತು. ನೇರ ಗುರುಗಳ ಹೆಂಡತಿಯ ಬಳಿ ಹೋದಳು.

"ಅವತ್ತು ಅಷ್ಟು ಜನ ಕೈ ಎತ್ತಿದ್ರಲ್ಲಮ್ಮಾ. ಇಬ್ಬರು ಬಂದ್ರೂ ಸಾಕು."

"ಬರ್ತಾರೆ ಕಣಮ್ಮಾ. ಆದ್ರೆ ಅವರ ಮನಸ್ಸು ಕರಗಬೇಕಲ್ಲ? ಆ ಮಗು ಯಾರದ್ದು, ತಾಯಿ ಏನಾದ್ಲು, ಯಾರಿಗೂ ಗೊತ್ತಿಲ್ಲ. ನೀನೂ ಬಾಯಿ ಬಿಡಲ್ಲ."

"ಅದನ್ನ ಹೇಳೋ ಹಾಗಿಲ್ಲಮ್ಮಾ."

"ನನ್ನ ಹತ್ರಾನೂನಾ? ಪ್ರಾರ್ಥನೆ ಮಾಡೋಕೆ ಅಂತ ಕೇಳ್ತಿದ್ದೀನಿ, ಊರಿಗೆ ಸಾರೋಕಲ್ಲ."

ಅಲ್ಲಿಗೆ ಅಕ್ಕ ಸೋತಳು. ಮಗು ಕೈ ತಪ್ಪುತ್ತದೆ ಎನ್ನುವ ಭಯ ಒಂದು ಕಡೆ, ದೊಡ್ಡವರ ಎದುರು ಇಲ್ಲ ಅನ್ನಲು ಬಾರದ ನಾಲಿಗೆ ಇನ್ನೊಂದು ಕಡೆ. ಹೇಳಿಬಿಟ್ಟಳು.

ಆ ವಾರ ನನಗೆ ರಜೆ. ಅಕ್ಕನ ಒತ್ತಾಯಕ್ಕೆ ನಾನೂ ಮಂದಿರಕ್ಕೆ ಹೋಗಿದ್ದೆ. ಗುರುಗಳು ಮೈಕು ಹಿಡಿದು, ಎಲ್ಲರೂ ಕಣ್ಣು ಮುಚ್ಚಿ ಎಂದರು. ಬಾವಿಯಿಂದ ನೀರು ಸೇದಿದ ಹಾಗೆ ಒಂದೊಂದೇ ಮಾತು ಎಳೆದರು: ನಮ್ಮ ನಡುವೆ ಇರುವ ಈ ಪುಟ್ಟ ಮಗುವಿನ ತಾಯಿ ಸೆರೆಮನೆಯಲ್ಲಿದ್ದಾಳೆ, ಕಳ್ಳತನದ ಪಾಪ ಅವಳನ್ನು ಬಿಟ್ಟು ಹೋಗಲಿ, ಆ ಪಾಪ ಮಗುವಿಗೆ ತಟ್ಟದಿರಲಿ. ಸಭೆ ನಿಟ್ಟುಸಿರಿಟ್ಟಿತು. ನಾನು ಕಣ್ಣು ಮುಚ್ಚಿರಲಿಲ್ಲ. ಹುಡುಗಿಯೂ ಮುಚ್ಚಿರಲಿಲ್ಲ. ಅವಳು ಗುರುಗಳನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದಳು.

ಗುರುಗಳ ಹೆಂಡತಿ ಹೇಳಿದ್ದು ಸುಳ್ಳಾಗಲಿಲ್ಲ. ಮನಸ್ಸುಗಳು ಕರಗಿದವು. ಮಾರನೆಯ ದಿನದಿಂದಲೇ ಜನ ನಾ ಮುಂದು ತಾ ಮುಂದು ಎಂದು ಬಂದರು. ತಲೆ ಸವರಿದರು. ಜೈಲಲ್ಲಿ ಅಮ್ಮ ಅಳ್ತಾಳಾ, ಅಲ್ಲಿ ಏನು ತಿನ್ನಕ್ಕೆ ಕೊಡ್ತಾರೆ, ಬಳೆ ಚಿನ್ನದ್ದಾ ಎಂದು ಕೇಳಿದರು. ಕೇಳಿ, ಕಣ್ಣೊರೆಸಿಕೊಂಡು ಹೋದರು. ಅವರ ಮಕ್ಕಳೂ ಅದೇ ಶಾಲೆಯವರು. ಒಂದು ದಿನ ತರಗತಿಯಲ್ಲಿ ಯಾರದೋ ಪೆನ್ಸಿಲ್ ಕಾಣೆಯಾದಾಗ ಎಲ್ಲರೂ ಇವಳ ಚೀಲ ನೋಡಿದರು. ಪೆನ್ಸಿಲ್ ಅದರಲ್ಲಿ ಇರಲಿಲ್ಲ.

ಮೇಡಂ ಮುಂದಿನ ಸಲ ಬಂದಾಗ ಹುಡುಗಿ ತಾನೇ ಕೇಳಿದಳು: "ನಂಗೆ ಬೇರೆ ಮನೆ ಕೊಡಿ. ಯಾರಿಗೂ ಗೊತ್ತಿಲ್ಲದ ಕಡೆ." ಅಕ್ಕ ಕೈ ಮುಗಿದಳು, ಅತ್ತಳು, ಅಂಗಡಿ ಕೆಲಸ ಬಿಡುತ್ತೇನೆ ಅಂದಳು. ಹುಡುಗಿ ಜಗಳವಾಡಲಿಲ್ಲ. "ನೀನು ಹೇಳಲ್ಲ ಅಂದಿದ್ದೆ" ಅಂದಳು, ಅಷ್ಟೇ. ಊರಿನ ಇನ್ನೊಂದು ತುದಿಯಲ್ಲಿ ಬೇರೆ ಮನೆ, ಬೇರೆ ಶಾಲೆ ಸಿಕ್ಕಿತು. ಮೇಡಂ ಅಕ್ಕನಿಗೆ ಮಾತ್ರ ಅದು ಎಲ್ಲಿ ಎಂದು ತಿಳಿಸಿದರು.

ಕೆಲವು ತಿಂಗಳ ಮೇಲೆ ಮಂದಿರದಲ್ಲಿ ಮತ್ತೆ ಅಂಥದೇ ಸಭೆ. ಇನ್ನಷ್ಟು ಮನೆಗಳು ಮುಂದೆ ಬರಬೇಕು, ಅನುಭವ ಇರುವವಳು ನೀನೇ, ನಾಲ್ಕು ಮಾತಾಡು ಎಂದು ಗುರುಗಳು ಅಕ್ಕನನ್ನು ಕರೆದರು. ಈಗ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡು ನಾನೂ ಹೋದೆ. ಅಕ್ಕ ಮೈಕಿನ ಮುಂದೆ ನಿಂತು, "ಮಗು ಸಾಕಿ. ಸಾಕೋರ ಮನೆಗೆ ಹೋಗಿ ಸುಮ್ನೆ ಕೂತ್ಕೊಳ್ಳಿ, ಪಾತ್ರೆ ತೊಳೀರಿ. ಮಗೂನ ಏನೂ ಕೇಳ್ಬೇಡಿ" ಎಂದು ಹೇಳಿ ಇಳಿದುಬಿಟ್ಟಳು. ಜೋರು ಚಪ್ಪಾಳೆ.

ಚಪ್ಪಾಳೆ ನಿಂತದ್ದೇ ಗುರುಗಳ ಹೆಂಡತಿ, ಅವರ ಹಿಂದೆ ಹೆಂಗಸರ ಹಿಂಡು, ಅಕ್ಕನನ್ನು ಸುತ್ತುವರಿಯಿತು.

"ಅಲ್ಲಮ್ಮಾ, ಆ ಮಗು ಯಾಕೆ ಹೋಯ್ತು? ನಮ್ಮಿಂದ ಬೇಜಾರಾಯ್ತಾ? ಯಾವ ಶಾಲೆ ಹೇಳು, ಎಲ್ಲರೂ ಒಟ್ಟಿಗೆ ಹೋಗಿ ಕ್ಷಮೆ ಕೇಳಿ ಬರ್ತೀವಿ."

ಹೋಗೇ ಹೋಗುತ್ತಿದ್ದರು. ಹಣ್ಣು ಹಿಡಿದು, ಕಣ್ಣೀರು ಹಿಡಿದು, ಆ ಶಾಲೆಯ ಗೇಟಿನಲ್ಲಿ ನಿಲ್ಲುತ್ತಿದ್ದರು. ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಸುಕಿದಳು.

"ನಾನೇ ಕಳಿಸಿದ್ದು" ಅಂದಳು. "ಕಳ್ಳಿ ಮಗಳನ್ನ ಮನೇಲಿಟ್ಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ. ಎಲ್ಲಿದ್ದಾಳೋ ಗೊತ್ತಿಲ್ಲ."

ಹೆಂಗಸರ ಮುಖಗಳು ಬಿಗಿದುಕೊಂಡವು. ಕ್ಷಮೆಯ ಮಾತು ಅಲ್ಲಿಗೆ ನಿಂತಿತು, ಶಾಲೆಯ ಮಾತೂ ನಿಂತಿತು. ಈಗ ಆ ಸಭೆಗೆ ನನ್ನಕ್ಕ ಅಂದರೆ ಮಗುವನ್ನು ಹೊರಗಟ್ಟಿದ ಕಲ್ಲೆದೆಯವಳು. ಅವಳಿಗೆ ಇನ್ನೊಂದು ಮಗು ಕೊಡಬೇಡಿ ಎಂದು ಗುರುಗಳು ಇಲಾಖೆಗೆ ಹೇಳಿಯೂ ಆಗಿದೆ. ಮೇಡಂಗೆ ನಿಜ ಗೊತ್ತು. ಆದರೆ ಮನೆಗಳು ಸಿಗುವುದೇ ಮಂದಿರದಿಂದ, ಅವರ ಮಾತು ಮೀರುವ ಹಾಗಿಲ್ಲ ಎಂದು ನೊಂದುಕೊಂಡೇ ಹೇಳಿದರು. ಅಕ್ಕ, ಹೊಸ ಶಾಲೆಯಲ್ಲಿ ಯಾರಿಗಾದರೂ ಏನಾದರೂ ಗೊತ್ತಾಗಿದೆಯೇ ಎಂದಷ್ಟೇ ಕೇಳಿದಳು. ಇಲ್ಲ ಎಂದರು ಮೇಡಂ. ಆ ದಿನ ಅಕ್ಕ ಹೊಟ್ಟೆ ತುಂಬ ಉಂಡಳು.