ಯಾರ ಮನೆ ಯಾರ ಮೇಲೆ ಒರಗಿದೆ

ಅಥವಾ "ಇದನ್ನು ಕೆಡವಿಯೇ ಬಿಡೋಣ" ಎಂದವನು ನಾನೇ ಇರಬಹುದು. ನನ್ನ ನೆನಪಿನಲ್ಲಿ ಆ ಮಾತು ನನ್ನ ಹೆಂಡತಿ ಗಿರಿಜಾಳ ದನಿಯಲ್ಲಿದೆ; ಅವಳ ನೆನಪಿನಲ್ಲಿ ನನ್ನ ದನಿಯಲ್ಲಿದೆ. ನಾವು ಆ ಮನೆಯನ್ನು ಮೊದಲು ನೋಡಿದ್ದು ಬೇಸಿಗೆಯಲ್ಲಿ ಎಂಬುದಾದರೂ ಖಚಿತ ಎಂದುಕೊಂಡಿದ್ದೆ. ಅದೂ ಅಲ್ಲವಂತೆ, ನಾನು ಸ್ವೆಟರ್ ಹಾಕಿದ್ದೆನಂತೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಅರ್ಧವನ್ನು ನೀವು ನಂಬಿದರೆ ಸಾಕು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ.

ಹಾಸನದಿಂದ ಹೊಳೇನರಸೀಪುರಕ್ಕೆ ಹೋಗುವಾಗ, ಮೊಸಳೆ ಎಂಬ ಊರು ದಾಟಿ, ಎಡಕ್ಕೋ ಬಲಕ್ಕೋ ಒಳಗೆ ತಿರುಗಿದರೆ ಸಿಗುವ ಒಂದು ಊರಿನಲ್ಲಿ ನಾವು ಚೂರು ಜಮೀನು ಕೊಂಡೆವು. (ಎಡಕ್ಕೋ ಬಲಕ್ಕೋ ಎಂದದ್ದು ಮರೆವಿನಿಂದಲ್ಲ, ಊರಿನವರ ಮೇಲಿನ ಮರ್ಯಾದೆಯಿಂದ.) ಜಮೀನಿನ ಮುಂಭಾಗದಲ್ಲಿ ಒಂದು ಹಳೆಯ ಮನೆ ಇತ್ತು. ನಮ್ಮದು ಹಾಸನದಲ್ಲಿ ಅಪ್ಪನ ಕಾಲದಿಂದಲೂ ಕಬ್ಬಿಣದ ಸಾಮಾನಿನ ಅಂಗಡಿ. ಗುದ್ದಲಿ, ಪಿಕಾಸಿ, ಹಾರೆ ಎಲ್ಲವನ್ನೂ ಮಾರಿದ್ದೇನೆ; ಯಾವುದನ್ನೂ ಎತ್ತಿ ನೆಲಕ್ಕೆ ಹಾಕಿದವನಲ್ಲ. ಬೇಸಾಯದ ಬಗ್ಗೆ ನನಗಿರುವ ತಿಳಿವಳಿಕೆ ಯಾವ ತಿಂಗಳಲ್ಲಿ ಗುದ್ದಲಿಯ ಹಿಡಿ ಹೆಚ್ಚು ಮುರಿಯುತ್ತದೆ ಎಂಬಲ್ಲಿಗೆ ಮುಗಿಯುತ್ತದೆ. ಇಂಥವನಿಗೆ ತೋಟದ ಆಸೆ ಬಂದದ್ದು ಗಿರಿಜಾಳಿಂದ, ಜಗಲಿಯ ಮೇಲೆ ಕೂತು ಬರೆಯುವ ಆಸೆ ಬಂದದ್ದು ಸ್ವಂತ ದಡ್ಡತನದಿಂದ.

ಜಮೀನು ತೋರಿಸಿದವನು ಬ್ರೋಕರ್ ಮಂಜಣ್ಣ. ನಾವು ಮನೆಯ ಮಾತು ಎತ್ತಿದಾಗಲೆಲ್ಲ ಅವನು ನಮ್ಮನ್ನು ಬಾವಿಯ ಕಡೆಗೆ ಕರೆದುಕೊಂಡು ಹೋಗುತ್ತಿದ್ದ.

"ಮನೆ ಲೆಕ್ಕಕ್ಕೇ ಇಲ್ಲ ಕಣ್ ಸಾ. ತೆಂಗಿನ್ಕಾಯ್ ತಕೊಂಡ್ರೆ ಜುಟ್ಟು ಜೊತೇಗೇ ಬರಾಕಿಲ್ವಾ, ಅಂಗೆ. ಜೆಸಿಬಿ ತರ್ಸಿ, ಮಧ್ಯಾನದೊತ್ಗೆ ಬಯಲು!"

ಆ ಜುಟ್ಟಿಗೆ ಇನ್ನೊಂದು ತೆಂಗಿನಕಾಯಿಯೂ ಅಂಟಿಕೊಂಡಿದೆ ಎಂದು ಅವನು ಹೇಳಲಿಲ್ಲ.

ರಿಜಿಸ್ಟ್ರೇಷನ್ ಮುಗಿದ ಮೇಲೆ ಒಳಗೆ ಹೋಗಿ ನಿಧಾನವಾಗಿ ನೋಡಿದಾಗ ತಿಳಿಯಿತು, ಅದು ಮನೆಯಲ್ಲ, ಅರ್ಧ ಮನೆ. ಹಿಂದೆ ಯಾವಾಗಲೋ ಅಣ್ಣತಮ್ಮಂದಿರು ಪಾಲಾದಾಗ ಒಂದು ಉದ್ದನೆಯ ಮನೆಯ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಅಣ್ಣನ ಪಾಲು ಕೈ ಬದಲಾಯಿಸುತ್ತ ನಮ್ಮವರೆಗೆ ಬಂತು. ತಮ್ಮನ ಪಾಲಿನಲ್ಲಿ ಅವನ ಸೊಸೆ ಸಾಕಮ್ಮ, ಗಂಡ ಮತ್ತು ಎರಡು ಹಸುಗಳ ಜೊತೆ ಸಂಸಾರ ಮಾಡಿಕೊಂಡಿದ್ದಾಳೆ. ಅವಳ ಮನೆಯ ತೊಲೆಗಳು ಗೋಡೆಯನ್ನು ತೂರಿ ನಮ್ಮ ಕೋಣೆಯೊಳಕ್ಕೆ ಗೇಣುದ್ದ ಮೂತಿ ಚಾಚಿವೆ. ನಮ್ಮ ತೊಲೆಗಳು ಅವಳ ಅಡಿಗೆಮನೆಯಲ್ಲಿ ಇಣುಕುತ್ತವೆ. ಅವಳು ಅವಕ್ಕೆ ಮೊರ, ಜರಡಿ ನೇತುಹಾಕಿದ್ದಾಳೆ.

ಬೇರೆಯಾಗಲೆಂದು ಎಬ್ಬಿಸಿದ ಗೋಡೆಯೇ ಇಬ್ಬರನ್ನೂ ಹೊತ್ತು ನಿಂತಿದೆ ಎಂದು ಬರೆಯಲು ಕೈ ತುರಿಸುತ್ತದೆ. ವಾಕ್ಯ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ವಾಕ್ಯ ನಿಜವಾಗಿರುವ ಸಂಭವ ಕಡಿಮೆ. ಸಾಕಮ್ಮನ ಪ್ರಕಾರ ಗೋಡೆ ಮೊದಲಿನಿಂದಲೂ ಇತ್ತು, ಅಣ್ಣತಮ್ಮಂದಿರು ಒಂದು ದಿನವೂ ಮಾತಿಗೆ ಮಾತು ಬೆಳೆಸಿದವರಲ್ಲ. ಅವಳ ಗಂಡನ ಪ್ರಕಾರ ಗೋಡೆಯೂ ಇರಲಿಲ್ಲ, ಅಣ್ಣನೂ ಇರಲಿಲ್ಲ. ದೊಡ್ಡಪ್ಪ ಎಂದು ಕರೆಯುತ್ತಿದ್ದವನು ಯಾರೋ ದೂರದ ನೆಂಟ.

ಈ ವಿಷಯದಲ್ಲಿ ಮೊಸಳೆಯ ದೇವಸ್ಥಾನ ಕಟ್ಟಿದವರನ್ನು ಮೆಚ್ಚಬೇಕು. ಶಿವನಿಗೊಂದು, ವಿಷ್ಣುವಿಗೊಂದು, ಅಕ್ಕಪಕ್ಕದಲ್ಲಿ ಅಚ್ಚಿನಲ್ಲಿ ತೆಗೆದಂತೆ ಎರಡು ಗುಡಿ. ಆದರೆ ನಡುವೆ ಒಂದಿಷ್ಟು ಜಾಗ ಬಿಟ್ಟಿದ್ದಾರೆ. ದೇವರುಗಳೇ ಆದರೂ ಗೋಡೆ ಹಂಚಿಕೊಂಡರೆ ಇಂದಲ್ಲ ನಾಳೆ ಮಾತು ಬರುತ್ತದೆ ಎಂದು ಆ ಶಿಲ್ಪಿಗಳಿಗೆ ತಿಳಿದಿತ್ತು. ಪಂಡಿತರು ಈ ಅಂತರಕ್ಕೆ ಬೇರೆ ಕಾರಣ ಕೊಡಬಹುದು. ಅವರಲ್ಲಿ ಯಾರೂ ಹಳ್ಳಿಯಲ್ಲಿ ಅರ್ಧ ಮನೆ ಕೊಂಡಿರಲಾರರು.

ನಮ್ಮ ಅರ್ಧ ಕೆಡವಿದರೆ ಸಾಕಮ್ಮನ ಅರ್ಧ ನಿಲ್ಲುತ್ತದೆಯೇ? ಹಾಸನದಿಂದ ಒಬ್ಬ ಇಂಜಿನಿಯರನ್ನು ಕರೆತಂದೆ. ಅವರು ಕಾರಿನ ಕೀಲಿಯಿಂದ ಗೋಡೆ ತಟ್ಟಿ, ಕಿವಿಯಿಟ್ಟು, "ಇಂಟರೆಸ್ಟಿಂಗ್" ಎಂದರು. ಡಾಕ್ಟರಾಗಲಿ ಇಂಜಿನಿಯರಾಗಲಿ ಈ ಪದ ಬಳಸಿದರೆ ನಮ್ಮ ಎದೆ ಕುಸಿಯುವುದು ಒಂದೇ ರೀತಿ. ಈಚೆಯ ಭಾರ ತೆಗೆದರೆ ಆಚೆಯದು ನಿಲ್ಲಬಹುದು, ನಿಲ್ಲದೆಯೂ ಇರಬಹುದು ಎಂದು ಹೇಳಿ ಹೊರಟುಹೋದರು. ಊರಿನ ಗಾರೆ ಕೆಲಸದ ರಂಗಪ್ಪನನ್ನು ಕೇಳಿದೆ. ಅವನು ಬೀಡಿ ಹಚ್ಚಿ, ಮನೆಯನ್ನು ಒಂದು ಸುತ್ತು ಬಂದು, "ನಿಲ್ತದೆ ಸಾ. ಇಲ್ದಿದ್ರೆ ಬಿದ್ದೋಯ್ತದೆ" ಎಂದ. ಫೀಸಿನಲ್ಲಿ ವ್ಯತ್ಯಾಸವಿತ್ತು, ಅಭಿಪ್ರಾಯದಲ್ಲಿ ಇರಲಿಲ್ಲ.

ನೆರೆಯವಳ ಮನೆ ಬೀಳಿಸಿ ನಮ್ಮ ಮನೆ ಎಬ್ಬಿಸುವ ಇರಾದೆ ನಮಗಿರಲಿಲ್ಲ. ನಿಮಗೆ ತೊಂದರೆಯಾಗುವುದಾದರೆ ಕೆಡವುವುದಿಲ್ಲ ಎಂದು ಹೇಳಿಬಿಡೋಣವೆಂದು ಬಾಳೆಹಣ್ಣು ಹಿಡಿದು ಸಾಕಮ್ಮನಲ್ಲಿಗೆ ಹೋದೆವು. ಅವಳು ಕೇಳಿಕೊಳ್ಳುತ್ತಾಳೆ, ನಾವು ದೊಡ್ಡ ಮನಸ್ಸು ಮಾಡುತ್ತೇವೆ: ಇಡೀ ದೃಶ್ಯ ನನ್ನ ತಲೆಯಲ್ಲಿ ತಯಾರಾಗಿತ್ತು. ಸಾಕಮ್ಮ ಬಾಳೆಹಣ್ಣನ್ನು ಮಾತ್ರ ಇಸಿದುಕೊಂಡಳು.

"ನಿಮ್ಮನೆ ಕೆಡವುದ್ರೆ ನಮ್ಮನೆ ಬಿದ್ದೋಯ್ತದೆ ಅಂದೋರ್ಯಾರು?"

"ಇಂಜಿನಿಯರು ಹೇಳ್ತಿದ್ರು..." ಎಂದೆ.

"ಇಲ್ಲಿ ಬಾಳಿರೋಳು ನಾನೋ ಅವ್ರೋ? ನೋಡಿ ಸಾ, ನಿಮ್ಮನೇನೇ ನಮ್ಮನೆ ಮ್ಯಾಲೆ ಒರಿಕ್ಕಂಡಿರಾದು. ಏನೋ ಓಗ್ಲಿ ಪಾಪ ಅಂತ ನಾವು ಸುಮ್ಕಿದೀವಿ. ಕೆಡವಿ. ನಮ್ಗೂ ಭಾರ ಕಮ್ಮಿ ಆಯ್ತದೆ."

"ಅಲ್ಲ ಸಾಕಮ್ಮ, ಅಕಸ್ಮಾತ್ ಏನಾದ್ರೂ..." ಎಂದು ಗಿರಿಜಾ ಶುರುಮಾಡಿದಳು.

"ಅಕಸ್ಮಾತ್ ಬಿದ್ರೂ ನಿಮ್ದೇ ಬೀಳಾದು ಕಣವ್ವ. ಕಾಪಿ ಕುಡೀರಿ."

ಇದು ಊರಿಗೆ ತಲುಪಲು ನಾವು ಕಾಫಿ ಕುಡಿದಷ್ಟೇ ಹೊತ್ತು ಹಿಡಿಯಿತು. ಟೀ ಅಂಗಡಿಯಲ್ಲಿ ಎರಡು ಪಕ್ಷಗಳಾದವು. ಸಾಕಮ್ಮನ ಮನೆ ನಮ್ಮದರ ಮೇಲೆ ಒರಗಿದೆ ಎನ್ನುವವರು ಕೆಲವರು, ನಮ್ಮದೇ ಅವಳದರ ಮೇಲೆ ಒರಗಿದೆ ಎನ್ನುವವರು ಕೆಲವರು. "ಸಾಕಕ್ಕನ ಮನೆ ನಿಂತಿರಾದು ಗ್ವಾಡೆ ಮ್ಯಾಲಲ್ಲ ಕಣ್ ಸಾ, ಬಾಯ್ ಮ್ಯಾಲೆ" ಎಂದು ಒಬ್ಬ ಮೂರನೆಯ ಪಕ್ಷ ಕಟ್ಟಿದ. ನಾನು ಯಾವ ಪಕ್ಷವೆಂದು ಕೇಳಿದರು. ಮನೆಯ ಮಾಲೀಕ ಎಂದೆ. ಅದಕ್ಕೆ ಅಲ್ಲಿ ಬೆಂಬಲಿಗರಿರಲಿಲ್ಲ.

ಕೆಡವುವ ದಿನ ಗೊತ್ತಾಯಿತು. ಗೊತ್ತುಮಾಡಿದ್ದು ನಾನು ಎಂದು ಬಹಳ ಕಾಲ ತಿಳಿದಿದ್ದೆ. ಈಗ ನೋಡಿದರೆ ಸೋಮವಾರ ಬೇಡ, ಮಂಗಳವಾರ ಬೇಡವೇ ಬೇಡ, ಬುಧವಾರ ತರಿಸಿಬಿಡಿ ಎಂದದ್ದು ಸಾಕಮ್ಮನೇ ಇರಬೇಕು. ಬುಧವಾರ ಬೆಳಿಗ್ಗೆ ಜೆಸಿಬಿಯ ಹಿಂದೆಯೇ ನಾವೂ ಹೋದೆವು. ಸಾಕಮ್ಮನ ಹಸುಗಳು ದೂರದ ಹುಣಸೆ ಮರದ ಕೆಳಗೆ ನಿಂತಿದ್ದವು. ಟೀವಿ ಎದುರು ಮನೆಯ ಜಗಲಿಯ ಮೇಲೆ ಹಳೆಯ ಸೀರೆ ಹೊದ್ದು ಕೂತಿತ್ತು. ಗಂಡನನ್ನು ಅರಕಲಗೂಡಿಗೆ, ಮಗಳ ಮನೆಗೆ ಕಳಿಸಿದ್ದಳು. ತಾನು ಮಾತ್ರ ಮನೆಯೊಳಗೆ, ಅದೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು.

ಜೆಸಿಬಿ ಡ್ರೈವರ್ ಚನ್ನರಾಯಪಟ್ಟಣದವನು, ಇಂಥ ಊರುಗಳನ್ನು ಕಂಡವನು. ಬಾಗಿಲಲ್ಲಿ ಇಣುಕಿ ನೋಡಿ ಬಂದು ಎಂಜಿನ್ ನಿಲ್ಲಿಸಿಯೇಬಿಟ್ಟ. "ಒಳ್ಗೆ ಜನ ಐತೆ ಸಾ. ನಾನ್ ಕೈ ಆಕಾಕಿಲ್ಲ."

"ಏ, ಓಡ್ಸಪ್ಪ ನಿನ್ ಗಾಡಿಯ!" ಎಂದು ಒಳಗಿಂದ ಸಾಕಮ್ಮ. "ನಾನೇನ್ ನಿನ್ ಚಕ್ರದ್ ಕೆಳ್ಗೆ ಮಲ್ಗಿದೀನಾ? ನಮ್ಮನೇಲಿ ನಾನು ಕುಂತಿದೀನಿ."

"ಆಚೆಗ್ ಬಾರಮ್ಮ, ಒಂದ್ ಗಂಟೆ ಕೆಲ್ಸ."

"ಬಂದ್ರೆ, ಮನೆ ಬೀಳ್ತದೆ ಅಂತ ಎದ್ರಿ ಓಡ್ಬಂದ್ಲು ಸಾಕಿ ಅಂತಾರೆ. ಬರಾಕಿಲ್ಲ, ಓಗು."

ನಾನು ಮಾಡಿದ ಉಪಾಯವೆಂದರೆ, ಹೆಂಗಸರ ಮಾತು ಹೆಂಗಸರಿಗೆ ತಿಳಿಯುತ್ತದೆ ಎಂದು ಗಿರಿಜಾಳನ್ನು ಒಳಗೆ ಕಳಿಸಿದ್ದು. ಅವಳು ಹೋದಳು. ಬರಲಿಲ್ಲ. ಕತ್ತು ಚಾಚಿ ನೋಡಿದರೆ ಅವಳೂ ಗೋಡೆಗೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದಳು. ಗೋಡೆಯ ಈಚೆ ಬಾಡಿಗೆಯ ಯಂತ್ರ, ಆಚೆ ಸ್ವಂತ ಹೆಂಡತಿ. ಡ್ರೈವರ್ ನನ್ನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಸೇರಿದ್ದ ಊರಿನವರೂ ನೋಡುತ್ತಿದ್ದರು. ನನ್ನ ಅಂಗಡಿಯಲ್ಲಿ ಸಿಗುವ ಯಾವ ಸಾಮಾನೂ ಇಂಥ ಹೊತ್ತಿಗೆ ಪ್ರಯೋಜನಕ್ಕೆ ಬರುವಂಥದ್ದಲ್ಲ.

ಕೊನೆಗೆ ನಮ್ಮ ಪಾಲಿನ ದೂರದ ತುದಿಯ ಕೊಟ್ಟಿಗೆಯನ್ನೂ ಅಡಿಗೆಮನೆಯನ್ನೂ ಕೆಡವಿಸಿ, ಗೋಡೆಗೆ ಅಂಟಿದ ಕೋಣೆಯನ್ನು ತೊಲೆ ಹೆಂಚುಗಳ ಸಮೇತ ಹಾಗೆಯೇ ಬಿಟ್ಟೆ. ಆ ಕೋಣೆಗೆ ಸುಣ್ಣ ಬಳಿಸಿ, ಹಿಂದೆ ಬಚ್ಚಲು ಕಟ್ಟಿಸಿ, ವಾರದ ಕೊನೆಗೆ ಹೋಗಿ ಇದ್ದು ಬರುತ್ತೇವೆ. ಗಿರಿಜಾಳ ಬದನೆ ಚೆನ್ನಾಗಿ ಬಂದಿದೆ. ನಾನು ಬರೆಸಿಟ್ಟಿದ್ದ ಹೊಸ ಮನೆಯ ನಕ್ಷೆ ಹಾಸನದ ಬೀರುವಿನಲ್ಲಿದೆ. "ಪಾಪ, ಅವ್ರ ಮನೆ ನಮ್ಮನೆ ಇಡ್ಕಂಡಿರಾದ್ಕೆ ಉಳ್ಕತು" ಎಂದು ಸಾಕಮ್ಮ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನು ಅಲ್ಲಗಳೆಯಲು ಹೋಗಿಲ್ಲ. ಅದು ಸುಳ್ಳೆಂದು ಸಾಬೀತು ಮಾಡಲು ಇರುವುದು ಒಂದೇ ದಾರಿ.

ಆದರೆ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ತನ್ನ ಮನೆ ಬೀಳುವುದಿಲ್ಲವೆಂದು ಅಷ್ಟು ಗಟ್ಟಿಯಾಗಿ ನಂಬಿದ್ದವಳು ಹಸು, ಟೀವಿ, ಗಂಡ, ಎಲ್ಲವನ್ನೂ ಹೊರಗೆ ಸಾಗಿಸಿದ್ದೇಕೆ? ಬೀಳುತ್ತದೆಂದು ಗೊತ್ತಿದ್ದರೆ ತಾನೊಬ್ಬಳು ಒಳಗೆ ಕೂತಿದ್ದೇಕೆ? ಕೆಡವಬೇಡಿ ಎಂದು ಒಂದು ಮಾತು ಅಂದಿದ್ದರೆ ನಾವು ಕೆಡವುತ್ತಲೇ ಇರಲಿಲ್ಲ. ಆ ಒಂದು ಮಾತನ್ನು ಆಡದಿರಲು ಅವಳು ಎಷ್ಟನ್ನು ಪಣಕ್ಕಿಟ್ಟಳು ಎಂದು ನೆನೆದರೆ ನನಗೆ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ.

ಒಳಗೆ ಕೂತು ಏನು ಮಾತಾಡಿದಿರಿ ಎಂದು ಗಿರಿಜಾಳನ್ನು ಕೇಳಿದೆ. "ಈ ಸಲ ಅವರೆಕಾಯಿಗೆ ಸೊಗಡು ಸಾಲದು ಅಂದ್ರು. ನಾನೂ ಹೌದು ಅಂದೆ" ಎಂದಳು. ಸಾಕಮ್ಮನನ್ನೇ ಕೇಳಬಹುದು. ಕೇಳಿದರೆ ಅವಳೊಂದು ಉತ್ತರ ಕೊಡುತ್ತಾಳೆ, ಮನೆಗೆ ಬರುವಷ್ಟರಲ್ಲಿ ನಾನು ಅದನ್ನು ತಿದ್ದಿಕೊಂಡಿರುತ್ತೇನೆ. ಅದಕ್ಕೇ ಕೇಳಿಲ್ಲ. ಆ ದಿನ ಬೆನ್ನು ಕೊಟ್ಟು ಕೂತವಳು ಗೋಡೆಯನ್ನು ನಂಬಿ ಕೂತಿದ್ದಳೋ, ನಮ್ಮನ್ನು ನಂಬಿ ಕೂತಿದ್ದಳೋ, ನನಗೆ ಗೊತ್ತಿಲ್ಲ.