ಕಣ್ಣು ಮುಚ್ಚಿಕೊಂಡ ಪಂಚ

ಹಾನಗಲ್ಲಿನ ಪೇಟೆಯಲ್ಲಿ ಈಚೆಗೆ ಯಾರಾದರೂ ನನ್ನ ಕಡೆ ನೋಡಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದರೆ ಅವರಿಗೆ ಕಣ್ಣುಬೇನೆ ಎಂದು ನೀವು ತಿಳಿಯಬಾರದು. ಅದು ನನಗೆ ಮಾಡುವ ನಮಸ್ಕಾರ. ತರಕಾರಿಯವಳು ಮಾಡುತ್ತಾಳೆ, ಬಸ್ ಕಂಡಕ್ಟರು ಮಾಡುತ್ತಾನೆ, ಮೊನ್ನೆ ಹಲ್ಲು ತೋರಿಸಲು ಬಂದ ನಿವೃತ್ತ ಮಾಸ್ತರರೊಬ್ಬರು ಬಾಯಿ ತೆರೆದುಕೊಂಡೇ ಮಾಡಿದರು. ನಾಚಿಕೆಯೂ ಹುಳುಕು ಹಲ್ಲಿನ ಹಾಗೆಯೇ. ಕೆಲಸದ ನಡುವೆ ಮರೆತಿರುತ್ತದೆ, ತಣ್ಣನೆಯದೇನಾದರೂ ತಾಕಿದೊಡನೆ ಜುಮ್ಮೆನ್ನುತ್ತದೆ.

ನಾನು ಹಲ್ಲಿನ ಡಾಕ್ಟರು. ಆದರೆ ತೀರ್ಪು ಹೇಳುವುದು ನಮ್ಮ ಮನೆತನಕ್ಕೆ ಹೊಸದಲ್ಲ. ನಮ್ಮಜ್ಜ ಶಾಸ್ತ್ರ ಓದಿದವರು. ವಿದ್ವಾಂಸರು ವಾಕ್ಯಾರ್ಥದ ಚರ್ಚೆಗೆ ಕೂತರೆ ಅವರನ್ನು ಮಧ್ಯಸ್ಥರನ್ನಾಗಿ ಕೂಡಿಸುತ್ತಿದ್ದರಂತೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಹೇಳದೆ ಎದುರಿನವನನ್ನು ಕೆಡವುವುದಷ್ಟೇ ವಿತಂಡ; ಯಾರು ಯಾವುದನ್ನು ಮಾಡುತ್ತಿದ್ದಾರೆಂದು ಅವರು ಮಾತಿನ ಮೊದಲ ತುತ್ತಿನಲ್ಲೇ ಹೇಳಿಬಿಡುತ್ತಿದ್ದರಂತೆ. ಅದೇ ರಕ್ತ ನನ್ನಲ್ಲೂ ಹರಿಯುತ್ತಿದೆ ಎಂಬ ಹಮ್ಮಿನಲ್ಲಿ ನಾನು ರಂಗೋಲಿ ಸ್ಪರ್ಧೆ, ಭಾಷಣ ಸ್ಪರ್ಧೆ, ಕೂಸುಗಳ ವೇಷಭೂಷಣ ಎಲ್ಲಿಗೆ ಕರೆದರೂ ನಿರ್ಣಾಯಕನಾಗಿ ಹೋಗುತ್ತಿದ್ದೆ. ರಂಗೋಲಿಯಲ್ಲಿ ಯಾರೂ ಯಾರನ್ನೂ ಎತ್ತಿ ಒಗೆಯುವುದಿಲ್ಲ ಎಂಬ ಸಂಗತಿ ಆಗ ಹೊಳೆದಿರಲಿಲ್ಲ.

ಶಿಗ್ಗಾಂವಿಯಲ್ಲಿ ಜಿಮ್ ನಡೆಸುವ ಬಸವರಾಜ ನನ್ನ ಹಳೆಯ ರೋಗಿ. ಅವನದೊಂದು ಕುಸ್ತಿ ತಂಡವಿದೆ. ಗರಡಿಮನೆಯ ಕೆಮ್ಮಣ್ಣಿನ ಕುಸ್ತಿಯಲ್ಲ, ಟಿವಿಯಲ್ಲಿ ಬರುವಂಥದು. ಹಗ್ಗ ಬಿಗಿದ ರಿಂಗು, ಮುಖವಾಡ, ಮಿಂಚುವ ಉಡುಪು, ಗುಡುಗುವ ಹಾಡು. ಬಂಕಾಪುರ, ಸವಣೂರು, ಅಕ್ಕಿಆಲೂರು ಎಂದು ಊರೂರು ತಿರುಗುತ್ತಾರೆ. ಹಿರೇಕೆರೂರಿನ ಆಟಕ್ಕೆ ಪಂಚರಾಗಿ ಬರಬೇಕೆಂದು ಅವನು ಕೇಳಿದ.

"ಯಾರ ಬೆನ್ನು ನೆಲಕ್ಕ ಹತ್ತತೈತಿ ಅವ್ರು ಸೋತಂಗ್ರಿ. ಗೆದ್ದವ್ರ ಬಣ್ಣದ ಬಾವುಟ ಎತ್ತೂದು, ಅಷ್ಟ ನಿಮ್ಮ ಕೆಲಸ. ಅಲ್ದ ಯಾರದರ ಹಲ್ಲು ಮುರದ್ರ ನೀವು ಅಲ್ಲೇ ಇರ್ತೀರಿ," ಎಂದ.

ಈ ಕೊನೆಯ ಮಾತೇ ನಿಜವಾದ ಕಾರಣ ಎಂದು ನನ್ನ ಹೆಂಡತಿ ಅಂದಳು. ನಾನು ಒಪ್ಪಲಿಲ್ಲ. ಹೋಗುವ ಹಿಂದಿನ ದಿನ ಮೊಬೈಲಿನಲ್ಲಿ ಅಂಥ ಕುಸ್ತಿಗಳನ್ನು ಹಾಕಿಕೊಂಡು ಅಭ್ಯಾಸವನ್ನೂ ಮಾಡಿದೆ. ಯಾರಾದರೂ ಯಾರನ್ನಾದರೂ ತಲೆಯ ಮೇಲೆ ಎತ್ತಿದೊಡನೆ ನನ್ನ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಹಲ್ಲು ಕೀಳುವಾಗ ನನಗೆ ಹಾಗಾಗುವುದಿಲ್ಲ. ಅಲ್ಲಿ ಕಣ್ಣು ಮುಚ್ಚುವುದು ರೋಗಿಯ ಪಾಲಿನ ಕೆಲಸ. ಎದುರಿಗೆ ಕೂತಾಗ ಸರಿಹೋದೀತು ಅಂದುಕೊಂಡೆ.

ಭಾನುವಾರ ಇಳಿಹೊತ್ತಿಗೆ ಬಯಲು ತುಂಬಿತ್ತು. ರಿಂಗಿಗೆ ಹತ್ತಿಕೊಂಡೇ ನನ್ನ ಕುರ್ಚಿ, ಮುಂದೊಂದು ಮೈಕು, ಕೈಯಲ್ಲಿ ಒಂದು ನೀಲಿ, ಒಂದು ಕೆಂಪು ಬಾವುಟ. ಗಂಡಸರ ಕುಸ್ತಿಗಳು ಹೇಗೋ ದಾಟಿದವು. ನೆಲಕ್ಕೆ ಹತ್ತಿದ ಬೆನ್ನು ನಾನು ಕಣ್ಣು ತೆರೆಯುವವರೆಗೂ ಹತ್ತಿಕೊಂಡೇ ಇರುತ್ತಿತ್ತು. ಕೊನೆಗೆ ಹೆಣ್ಣುಮಕ್ಕಳದು. ನೀಲಿಯ ಕಡೆ ಮಿಂಚಿನರಾಣಿ, ಸವಣೂರಿನ ಶಬಾನಾ. ಕೆಂಪಿನ ಕಡೆ ಕರಿಮುಖವಾಡದ ನಾಗಿಣಿ, ಚಿಕ್ಕೇರೂರಿನ ರೇಣುಕಾ. ಉಳಿದ ಊರುಗಳಲ್ಲಿ ನಾಗಿಣಿಯೆಂದರೆ ಜನ ಬೈಯುತ್ತಾರೆ, ಬೈಯಲೆಂದೇ ಅವಳು. ಇಲ್ಲಿ ಹಾಗಲ್ಲ. ಚಿಕ್ಕೇರೂರಿನವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಅವರೆಲ್ಲರ ಮುಂದೆ ಇಳಕಲ್ ಸೀರೆಯ ಹಿರಿಯ ಹೆಂಗಸೊಬ್ಬಳು ಸೆರಗು ಬಿಗಿದು ಕೂತಿದ್ದಳು. ರೇಣುಕಾಳ ತಾಯಿ ಗಂಗವ್ವ. ಮಗಳ ಆಟ ನೋಡಲು ಅವಳು ಬಂದದ್ದು ಅದೇ ಮೊದಲು.

ಆಟ ಕೊನೆಗೆ ಬಂದಾಗ ಶಬಾನಾ ರೇಣುಕಾಳನ್ನು ಅನಾಮತ್ತಾಗಿ ಹೆಗಲ ಮೇಲೆತ್ತಿದಳು. ನನ್ನ ಕಣ್ಣು ಮುಚ್ಚಿದವು. ಧಡ್ ಎಂದಿತು. ಜನ ಹೋ ಎಂದರು. ಮತ್ತೇನೋ ಧಡ್ ಎಂದಿತು. ಧೈರ್ಯ ಮಾಡಿ ಕಣ್ಣು ತೆರೆದಾಗ ಶಬಾನಾ ಎದ್ದು ಕೂತಿದ್ದಳು, ರೇಣುಕಾ ಅವಳ ಪಕ್ಕದಲ್ಲಿ ಏದುಸಿರು ಬಿಡುತ್ತ ಅಂಗಾತ ಬಿದ್ದಿದ್ದಳು. ಗಂಭೀರವಾಗಿ ಎದ್ದು ನೀಲಿ ಬಾವುಟ ಎತ್ತಿದೆ.

 ಕುಸ್ತಿಯ ಹುಡುಗಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗೆದ್ದ ಶಬಾನಾಳ ಮುಖದಲ್ಲಿ ಅಂಥ ಗಾಬರಿಯನ್ನು ನಾನು ದವಡೆಹಲ್ಲಿನ ರೋಗಿಗಳಲ್ಲಿ ಮಾತ್ರ ಕಂಡಿದ್ದೇನೆ. ಗಂಗವ್ವ ಎದ್ದು ನಿಂತಳು.

"ಏ ಡಾಕ್ಟ್ರ! ನನ್ನ ಮಗಳು ಆಕೀನ್ನ ಕೆಡವಿ ಎದಿ ಮ್ಯಾಲೆ ಕುಂತಿದ್ಲು. ಕಣ್ಣು ಎಲ್ಲಿಟ್ಟಿದ್ರಿ?"

ಆಗಲಾದರೂ ಸುಮ್ಮನಿರಬಹುದಾಗಿತ್ತು. ಆದರೆ ಅಜ್ಜನ ರಕ್ತ. ಮೈಕು ಹಿಡಿದು, "ಪಂಚರ ತೀರ್ಪು ಅಂತಿಮ," ಎಂದೆ. ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು.

ಬಸವರಾಜ ಬಗ್ಗಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಸರ, ಇವತ್ತು ರೇಣುಕಾ ಗೆಲ್ಲಬೇಕಿತ್ರಿ. ಊರೂರು ಸೋತು ಬೈಸಿಕೊಂಡಾಳ. ಅವ್ವ ಬರ್ತಾಳಂತ ಇದೊಂದು ಆಟ ಆಕೀಗಿ ಇಟ್ಟಿದ್ವಿ. ಶಬಾನಾ ತಾನ ಹಟ ಹಿಡದು ಇಡಿಸಿದ್ಲ್ರಿ."

"ಅಂದ್ರ ಮೊದಲ ನಿಕ್ಕಿ ಆಗಿರ್ತದ?"

"ಅದು ಎಲ್ಲಾರಿಗೂ ಗೊತ್ತಿರ್ತೈತಲ್ರಿ. ನಿಮಗ ಗೊತ್ತಿರಲಿಲ್ಲೇನು?"

"ಹಂಗಾದ್ರ ನಾ ಯಾಕ ಬೇಕಿತ್ತು?"

"ಬಾವುಟ ಎತ್ತಾಕ್ರಿ," ಎಂದ, ಪಾಪ, ಬಹಳ ಮರ್ಯಾದೆಯಿಂದ.

ಒಂದು ಗಳಿಗೆ ನನಗೆ ಸಿಟ್ಟು ಬಂತು. ಇದು ಮೋಸವಲ್ಲವೇ ಎನ್ನಲು ಬಾಯಿ ತೆರೆದೆ. ಆದರೆ ಮೋಸ ಯಾರದು? ಅವರು ನಿಕ್ಕಿ ಮಾಡಿಕೊಂಡಿದ್ದನ್ನು ಜನರ ಎದುರು ಮೈ ಮುರಿದು ಮಾಡಿ ತೋರಿಸಿದ್ದರು. ನಾನೋ ನೋಡದೇ ಇದ್ದುದನ್ನು ನೋಡಿದೆನೆಂದು ಬಾವುಟ ಎತ್ತಿ ಹೇಳಿದ್ದೆ, ಮೇಲೆ ಅಂತಿಮ ಎಂಬ ಮೊಹರು ಬೇರೆ. ರಿಂಗಿನೊಳಗೆ ರೇಣುಕಾ ಮುಖವಾಡ ತೆಗೆಯದೆ ತಾಯಿಯ ಕಡೆ ಬೆನ್ನು ತಿರುಗಿಸಿ ನಿಂತಿದ್ದಳು. ಶಬಾನಾ ಅವಳ ಕೈ ಹಿಡಿದುಕೊಂಡಿದ್ದಳು. 

ಮತ್ತೆ ಮೈಕು ಹಿಡಿದೆ.   "ನಾ ನೋಡಿಲ್ರಿ. ಎತ್ತಿ ಒಗಿಯೂ ಮುಂದ ನನಗ ಅಂಜಿಕಿ ಆತು. ಕಣ್ಣು ಮುಚ್ಚಿಕೊಂಡಿದ್ದೆ."

ಹಿರೇಕೆರೂರು ಆವತ್ತು ನಕ್ಕ ನಗೆ ಹಾನಗಲ್ಲಿಗೆ ನನಗಿಂತ ಮೊದಲೇ ಹೋಗಿ ಮುಟ್ಟಿತ್ತು. ಕೂತವರು ಎದ್ದು ನಕ್ಕರು, ನಿಂತವರು ಕೂತು ನಕ್ಕರು. ಯಾರೋ "ಇನ್ನೊಮ್ಮೆ ಆಡ್ರಿ, ಡಾಕ್ಟ್ರು ನೋಡ್ಲಿ!" ಎಂದು ಕೂಗಿದರು. ಬಯಲಿಗೆ ಬಯಲೇ ಅದನ್ನು ಹಿಡಿದುಕೊಂಡಿತು. ಹುಡುಗಿಯರು ಬೆವರು ಒರೆಸಿಕೊಂಡು ಮತ್ತೆ ನಿಂತರು. ಶಬಾನಾ ಬಗ್ಗಿದಳು. ಜನ, "ಕಣ್ಣು ತಗೀರಿ ಡಾಕ್ಟ್ರ!" ಎಂದು ಒಂದೇ ಸಮನೆ ಕೂಗುತ್ತಿದ್ದರು. ನಾನು ಬೆರಳಿನಿಂದ ರೆಪ್ಪೆ ಹಿಡಿದುಕೊಂಡೇ ನೋಡಿದೆ.

ಹೀಗೆ, ನನ್ನ ಆಯುಷ್ಯದಲ್ಲಿ ಮೊದಲ ಸಲ, ಒಬ್ಬರು ಬೀಳುವುದನ್ನು ಪೂರ್ತಿ ಕಂಡೆ. ಎತ್ತುವಾಗ ಶಬಾನಾಳ ಒಂದು ಅಂಗೈ ರೇಣುಕಾಳ ಕತ್ತಿನ ಕೆಳಗೆ ಇತ್ತು, ಕೂಸಿಗೆ ನೀರು ಎರೆಯುವಾಗ ಇಡುವ ಹಾಗೆ. ಕಿವಿಯಲ್ಲಿ ಏನೋ ಹೇಳಿದಳು. ರೇಣುಕಾ ಗಾಳಿಯಲ್ಲಿ ಮೈ ತಿರುಗಿಸಿದಳು. ಬಿದ್ದಾಗ ಕೆಳಗೆ ಇದ್ದವಳು ಶಬಾನಾ. ಬೆನ್ನು ಪೂರ್ತಿ ನೆಲಕ್ಕೆ ಹತ್ತಿತ್ತು, ಧಡ್ ಎಂದದ್ದೂ ನಿಜವಾದ ಧಡ್. ವಾದ, ಜಲ್ಪ, ವಿತಂಡ ಮೂರರಲ್ಲೂ ಇದು ಸೇರುವುದಿಲ್ಲ. ಎದುರಾಳಿಯನ್ನು ಜೋಪಾನವಾಗಿ ಗೆಲ್ಲಿಸುವ ಬಗೆಯೊಂದಿದೆಯೆಂದು ನಮ್ಮಜ್ಜ ಹೇಳಿದ್ದರೆಂದು ನಾನಂತೂ ಕೇಳಿಲ್ಲ. ಕೆಂಪು ಬಾವುಟ ಎತ್ತಿದೆ. ಟ್ರ್ಯಾಕ್ಟರಿನವರು ಕುಣಿದರು.

ಆಟ ಮುಗಿದ ಮೇಲೆ ಗಂಗವ್ವ ರಿಂಗಿನ ಹತ್ತಿರ ಬಂದಳು. ಮುಖವಾಡ ತೆಗೆದು ನಗುತ್ತ ನಿಂತಿದ್ದ ಮಗಳನ್ನು ದಾಟಿ ಶಬಾನಾಳ ಬಳಿ ಹೋಗಿ ಅವಳ ಬೆನ್ನು ಸವರಿದಳು. "ಎರಡೆರಡು ಸಲ ಬಿದ್ದೆಲ್ಲವ್ವ. ಭಾಳ ಪೆಟ್ಟಾತೇನು?"

ನಾನು ಕಳ್ಳನಂತೆ ಜಾರಿಕೊಳ್ಳುತ್ತಿದ್ದೆ. ಅವಳು ಬಿಡಲಿಲ್ಲ. "ಡಾಕ್ಟ್ರ, ನಿಲ್ರಿ."

"ತಪ್ಪಾತವ್ವ," ಎಂದೆ.

"ನೀವು ಕಣ್ಣು ಮುಚ್ಚಿದ್ದಕ್ಕ ನನಗ ಸಿಟ್ಟಿಲ್ರಿ. ಮೊದಲನೇ ಸಲ ನಾನೂ ಮುಚ್ಚಿದ್ದೆ."

ನಾನು ಅವಳ ಕಡೆ ತಿರುಗಿದೆ. "ಮತ್ತ, ಮಗಳು ಎದಿ ಮ್ಯಾಲೆ ಕುಂತಿದ್ಲು ಅಂತ ಎದ್ದು ನಿಂತು ನನ್ನ ಬೈದ್ರಿ?"

ಗಂಗವ್ವ ಸೆರಗು ಸರಿಮಾಡಿಕೊಂಡಳು. "ನಾ ಹಡದಾಕಿರಿ, ನನಗ ನೋಡೂ ಜರೂರಿ ಇಲ್ಲ. ನಿಮ್ಮನ್ನ ನೋಡಾಕಂತನ ಕುರ್ಚಿ ಹಾಕಿ ಕುಂದ್ರಿಸಿದ್ರು."